ದ್ಯಾವಮ್ಮನ ಎಡಗಣ್ಣು

ಪಿಳ್ಳಮ್ಮನ ಎಡಗಣ್ಣು ತನ್ನಷ್ಟಕ್ಕೆ ತಾನು ಮುಚ್ಚಿಕೊಂಡದ್ದನ್ನು ಮಗಳು ಸುಗುಣ ಮೊದಲು ಕಂಡದ್ದು ಒಂದು ಭಾನುವಾರ, ಅವರೆಕಾಳು ಹಿತುಕುವಾಗ. ಅಡುಗೆಮನೆಯ ನೆಲದ ಮೇಲೆ ಎದುರುಬದುರು ಕೂತು, ನೆನೆಹಾಕಿದ ಕಾಳಿನ ಬೋಗುಣಿಯನ್ನು ನಡುವೆ ಇಟ್ಟುಕೊಂಡಿದ್ದರು. ಪಿಳ್ಳಮ್ಮನ ಕೈ ನೋಡುವ ಹಾಗಿತ್ತು. ಬೆರಳ ನಡುವೆ ಕಾಳು ಬಂದದ್ದೇ ತಡ, ಬೇಳೆ ಚಿಮ್ಮಿ ತಟ್ಟೆಗೆ, ಸಿಪ್ಪೆ ಮೊರಕ್ಕೆ. ಪ್ರತಿ ಸಲವೂ ಕಿರುಬೆರಳು ಒಂದಿಷ್ಟು ಮೇಲೆದ್ದು, ಗಾಳಿಯಲ್ಲಿ ಸಣ್ಣದೊಂದು ಕೊಕ್ಕೆ ಬರೆದು, ಮತ್ತೆ ಮಡಚಿಕೊಳ್ಳುತ್ತಿತ್ತು. ಐವತ್ತೆರಡು ವರ್ಷ ಈ ಹೆಂಗಸು ಹಾಗೆ ಕಿರುಬೆರಳು ಎತ್ತಿದವಳಲ್ಲ. ಆ ಕೊಕ್ಕೆ ಅವಳ ಜೊತೆ ರೇಷ್ಮೆ ಬಿಚ್ಚುತ್ತಿದ್ದ ದ್ಯಾವಮ್ಮನದು. ದ್ಯಾವಮ್ಮ ಸತ್ತು ಒಂದು ವರ್ಷವಾಗಿತ್ತು.

ಒಲೆಯ ಮೇಲೆ ಹಾಲು ಉಕ್ಕಿ ಬಂತು. ಸುಗುಣ ನಾಲಿಗೆಯನ್ನು ಅಂಗುಳಿಗೆ ಹೊಡೆದು ‘ಟಕ್’ ಎನ್ನಿಸಿದಳು. ಅದು ಶಿಡ್ಲಘಟ್ಟದ ರೇಷ್ಮೆ ಬಿಚ್ಚುವವರ ಮನೆಗಳಲ್ಲಿ ಮಾತಿಗಿಂತ ಹಳೆಯ ಮಾತು. ರಾಟೆಗಳ ಗದ್ದಲದಲ್ಲಿ ಕೂಗಿದರೆ ಕೇಳುವುದಿಲ್ಲ, ಎರಡು ಕೈಯೂ ಬಿಸಿನೀರಲ್ಲಿದ್ದರೆ ಮುಟ್ಟಿ ಹೇಳುವಂತಿಲ್ಲ. ಪಕ್ಕದವಳ ಎಳೆ ಕಡಿಯುವುದು ಕಂಡರೆ ‘ಟಕ್’. ಅಲ್ಲಿಂದ ಅದು ಮನೆಗೂ ಬಂದು, ಹಾಲು ಉಕ್ಕಿದರೂ ಟಕ್, ಮಗು ಹೊಸ್ತಿಲು ದಾಟಿದರೂ ಟಕ್.

ಅಷ್ಟರಲ್ಲಿ ಹಾಲು ಚುಂಯ್ ಎಂದು ಬೆಂಕಿಗೆ ಸುರಿಯಿತು. ಪಿಳ್ಳಮ್ಮನ ಎಡಗಣ್ಣು ಬಿಗಿಯಾಗಿ ಮುಚ್ಚಿಕೊಂಡು, ಎಡಭುಜ ಕಿವಿಯವರೆಗೆ ಏರಿ, ಕೈ ಹಿಂದಕ್ಕೆ ಸೆಳೆದುಕೊಂಡಿತು. ಬೇಳೆಯ ತಟ್ಟೆ ಬೋರಲಾಯಿತು. ಅರೆಗಳಿಗೆ. ಮತ್ತೆ ಏನೂ ಆಗದವಳ ಹಾಗೆ ಪಿಳ್ಳಮ್ಮ ಬೇಳೆ ಬಳಿಯತೊಡಗಿದಳು. ಏನಾಯಿತು ಎಂದು ಕೇಳಿದರೆ, ಏನಾಗಬೇಕಿತ್ತು, ಮೊದಲು ಒಲೆ ಆರಿಸು ಎಂದು ಗದರಿದಳು.

ಸುಗುಣ ಒಲೆ ಆರಿಸಿದಳು. ಹಾಗೆ ಕಿವಿಗೆ ಏರುವ ಎಡಭುಜವನ್ನು ಅವಳು ಎಲ್ಲೋ ಕಂಡಿದ್ದಳು. ಮುಂದಿನಿಂದ ಅಲ್ಲ, ಹಿಂದಿನಿಂದ.

*

ಚಿಂತಾಮಣಿ ರಸ್ತೆಯ ಫಿಲೇಚರ್ ಎಂಬ ರೇಷ್ಮೆ ನೂಲಿನ ಕಾರ್ಖಾನೆಯಲ್ಲಿ ಮುನ್ನೂರ ಹನ್ನೆರಡು ಹೆಂಗಸರು ರೇಷ್ಮೆ ಬಿಚ್ಚುತ್ತಾರೆ. ಮುನ್ನೂರ ಹನ್ನೆರಡು ಜನರದ್ದೂ ಒಂದೇ ಕೈ.

ನಮ್ಮ ಕಡೆಯ ಹಳದಿ ಗೂಡು ಯಂತ್ರಕ್ಕೆ ಬಗ್ಗುವ ಜಾತಿಯದ್ದಲ್ಲ. ಒಂದರ ಎಳೆ ಉದ್ದ, ಇನ್ನೊಂದರದು ಗಿಡ್ಡ, ಮತ್ತೊಂದು ನಡುವೆಯೇ ಗಂಟು. ಬೆಂದ ಗೂಡಿನ ರಾಶಿಯಲ್ಲಿ ಎಳೆಯ ತುದಿಯನ್ನು ಬೆರಳಲ್ಲೇ ಹುಡುಕಿ, ಓಡುತ್ತಿರುವ ನೂಲಿಗೆ ಚಿಮ್ಮಿ ಹತ್ತಿಸುವುದಕ್ಕೆ ಹದಿನೈದು ವರ್ಷ ಸುಟ್ಟುಕೊಂಡ ಕೈ ಬೇಕು. ಹದಿನೈದು ವರ್ಷ ಕಾಯುವ ತಾಳ್ಮೆ ಕಂಪನಿಗಿರಲಿಲ್ಲ. ಡಾಕ್ಟರ್ ಅನಂತಶಯನ ಎಂಬ ನರವಿಜ್ಞಾನಿಯನ್ನು ಕರೆತಂದರು. ಎಲ್ಲರಿಗಿಂತ ಒಳ್ಳೆಯ ಕೈ ಯಾರದು ಎಂದು ಅವರು ಕೇಳಿದಾಗ ಇಡೀ ಶೆಡ್ಡು ಒಂದೇ ಹೆಸರು ಹೇಳಿತು, ದ್ಯಾವಮ್ಮ.

ತಲೆಯ ಹಿಂಭಾಗದಲ್ಲಿ, ಜಡೆ ಶುರುವಾಗುವ ಜಾಗದ ಒಳಗೆ, ಕಿರುಮೆದುಳಿದೆ. ಮಾತು, ಯೋಚನೆ, ದೇವರು ದಿಂಡರ ಉಸಾಬರಿ ಅದಕ್ಕಷ್ಟಿಲ್ಲ. ಅದು ಮೈಕೈಯ ಮೇಸ್ತ್ರಿ. ಅದರಲ್ಲಿ ಪರ್ಕಿಂಜೆ ಎಂಬ ಕೋಶಗಳು ಬೀಸಣಿಗೆಯಂತೆ ಕೊಂಬೆ ಹರಡಿಕೊಂಡಿರುತ್ತವೆ. ಒಂದೊಂದು ಬೀಸಣಿಗೆಯ ಮೂಲಕವೂ ಲಕ್ಷಕ್ಕೂ ಹೆಚ್ಚು ನರದ ಎಳೆಗಳು ಅಡ್ಡ ಹಾದುಹೋಗುತ್ತವೆ. ನೀರು ಎಷ್ಟು ಬಿಸಿ, ಬೆರಳು ಎಷ್ಟು ಬಾಗಿದೆ, ರಾಟೆಯ ಸದ್ದು ಹೇಗಿದೆ ಎಂದು ಒಂದೊಂದೂ ಒಂದೊಂದು ಸುದ್ದಿ ಪಿಸುಗುಡುತ್ತದೆ. ಇವುಗಳ ಜೊತೆ ಇನ್ನೊಂದು ನರ, ಒಂದೇ ಒಂದು, ಬಳ್ಳಿಯ ಹಾಗೆ ಬುಡದಿಂದ ಕೋಶವನ್ನು ಸುತ್ತಿ ಹತ್ತಿರುತ್ತದೆ. ಕೆಲಸ ತಪ್ಪಿದಾಗ ಚೀರುವುದು ಇದರ ಪಾಡು. ಇದು ಚೀರಿದ ಗಳಿಗೆಗೆ ಯಾವ ಎಳೆಗಳು ಪಿಸುಗುಡುತ್ತಿದ್ದವೋ ಅವುಗಳ ಬೆಸುಗೆ ಸಡಿಲವಾಗುತ್ತದೆ. ಮುಂದಿನ ಸಲ ಅವುಗಳ ಮಾತು ಅಷ್ಟು ನಡೆಯುವುದಿಲ್ಲ. ಹೀಗೆ ಸಾವಿರ ಸಲ, ಲಕ್ಷ ಸಲ. ಕೈ ಕಲಿಯುವುದು ಬೈಸಿಕೊಂಡೇ.

ಯಾವ ಬೆಸುಗೆ ಬಿಗಿ, ಯಾವುದು ಸಡಿಲ ಎಂಬ ನಕ್ಷೆಯನ್ನು ಒಬ್ಬಳ ತಲೆಯಿಂದ ಎತ್ತಿ ಇನ್ನೊಬ್ಬಳ ತಲೆಗೆ ಬರೆಯುವ ಯಂತ್ರ ಅನಂತಶಯನರದು. ಕುರ್ಚಿಯ ಮೇಲೆ ಒರಗಿ, ಹಿಂದಲೆಯನ್ನು ಒಂದು ಬಟ್ಟಲಿನಲ್ಲಿ ಇಡಬೇಕು. ಕಂಪನಿ ಅದಕ್ಕೆ ‘ಹಸ್ತಪಾಠ’ ಎಂದು ಹೆಸರಿಟ್ಟಿತು. ಹೆಂಗಸರು ತೊಟ್ಟಿಲು ಎಂದರು. ಹನ್ನೊಂದು ದಿನ ತೊಟ್ಟಿಲಲ್ಲಿ ತಲೆಯಿಟ್ಟರೆ ಹನ್ನೆರಡನೇ ದಿನ ದ್ಯಾವಮ್ಮನ ಕೈ ಬರುತ್ತಿತ್ತು. ಒಪ್ಪದವರಿಗೆ ಗೇಟು ತೋರಿಸಿದರು. ಪಿಳ್ಳಮ್ಮ ದ್ಯಾವಮ್ಮನ ಪಕ್ಕದ ಬಿಸಿನೀರಿನ ಬೇಸಿನ್ನಿನಲ್ಲೇ ಇಪ್ಪತ್ತು ವರ್ಷ ದುಡಿದವಳು, ತನ್ನದೇ ಕೈ ಇದ್ದವಳು. ಕೊನೆಯ ಸರದಿಯಲ್ಲಿ, ಹೋದ ತಿಂಗಳು, ಅವಳೂ ತಲೆಯಿಟ್ಟಳು.

ಕೈ ಕೊಟ್ಟವಳಿಗೆ ಒಂದು ಸೀರೆ, ಒಂದು ಶಾಲು. ಸ್ವಾಗತಕೋಣೆಯ ಗೋಡೆಗೆ ಅವಳ ಫೋಟೊ, ಅದರ ಕೆಳಗೆ ‘ಹಸ್ತದಾನಿ’ ಎಂಬ ಬಂಗಾರದ ಅಕ್ಷರ. ಕೇರಿಯವಳ ಫೋಟೊ ಆ ಗೋಡೆಗೆ ಏರಿದ್ದು ಅದೇ ಮೊದಲು. ಎರಡು ತಿಂಗಳಲ್ಲಿ ಇಳಿಯಿತು. ದ್ಯಾವಮ್ಮ ತೂರಾಡತೊಡಗಿದ್ದಳು. ನಾಲಿಗೆ ತೊದಲುತ್ತಿತ್ತು, ಲೋಟ ಹಿಡಿದರೆ ನೀರು ಸೀರೆಗೆ. ಕುಡಿದು ಬರುತ್ತಾಳೆ ಎಂದು ಕಂಪನಿ ಕೆಲಸದಿಂದ ತೆಗೆಯಿತು. ಫೈಲಿನಲ್ಲಿ ಒಂದೇ ಪದ, ಮದ್ಯಪಾನ. ಊರೂ ಅದನ್ನೇ ನಂಬಿತು. ಗಂಡ ಬಿಟ್ಟುಹೋದ, ಮಕ್ಕಳಿಲ್ಲದ ಹೆಂಗಸು ತೂರಾಡಿದರೆ ಊರಿಗೆ ಬೇರೆ ಕಾರಣ ಯಾಕೆ ಬೇಕು? ಒಂದು ದಿನ ಬಸ್ಸಿನಿಂದ ಇಳಿಯುವಾಗ ಮೆಟ್ಟಿಲಿದ್ದ ಕಡೆ ಅವಳ ಕಾಲು ಹೋಗಲಿಲ್ಲ. ಹಿಂದಿನ ಚಕ್ರದ ಕೆಳಗೆ ಸತ್ತಳು. ಗೋಡೆಯ ಮೊಳೆಯನ್ನು ಮಾತ್ರ ಯಾರೂ ಕೀಳಲಿಲ್ಲ.

ಈಗ ಶೆಡ್ಡಿನಲ್ಲಿ ಅವಳು ಮೈಮೇಲೆ ಬರುತ್ತಾಳೆ ಎಂಬ ಗುಸುಗುಸು. ಇದ್ದಕ್ಕಿದ್ದಂತೆ ಒಂದು ಸಾಲಿನ ಅಷ್ಟೂ ಹೆಂಗಸರ ಎಡಗಣ್ಣು ಒಟ್ಟಿಗೆ ಮುಚ್ಚಿಕೊಳ್ಳುತ್ತಿತ್ತು, ಕೈಗಳು ಒಟ್ಟಿಗೆ ಹಿಂದಕ್ಕೆ ಹಾರುತ್ತಿದ್ದವು. ಮ್ಯಾನೇಜರು ಪುರೋಹಿತರನ್ನು ಕರೆಸಿ ಶಾಂತಿ ಮಾಡಿಸಿದ, ಬಾಗಿಲಿಗೆ ಬೂದುಗುಂಬಳ ಕಟ್ಟಿಸಿದ. ಆ ಸೋಮವಾರ ಮುಬೀನಾ ಎಂಬ ಹುಡುಗಿ ಕುದಿನೀರಿನಿಂದ ಬೆಂದ ಗೂಡುಗಳನ್ನು ಜಾಲರಿ ಸೌಟಿನಲ್ಲಿ ಎತ್ತುತ್ತಿದ್ದಾಗ ಕಣ್ಣು ಮುಚ್ಚಿತು. ಸೌಟು ಅವಳ ಮೊಣಕೈ ಮೇಲೇ ಬಿತ್ತು.

ಆಸ್ಪತ್ರೆಯಿಂದ ಪಟ್ಟಿ ಸುತ್ತಿಕೊಂಡು ಬಂದ ಮುಬೀನಾಳನ್ನು ಪಕ್ಕದವಳು, ದ್ಯಾವಮ್ಮ ನಿನ್ನ ಮೈಮೇಲೂ ಬಂದಳೇನೇ ಎಂದು ಕೇಳಿದ್ದಕ್ಕೆ ಅವಳು, ಬರಲಿ ಬಿಡಕ್ಕ, ಬದುಕಿದ್ದಾಗ ಯಾರೂ ಮನೆಗೆ ಸೇರಿಸಲಿಲ್ಲ, ಈಗಾದರೂ ಎಲ್ಲರ ಮನೆಗೂ ಬಂದು ಹೋಗಲಿ ಎಂದಳಂತೆ.

*

ಸುಗುಣ ಆ ಫಿಲೇಚರ್‌ನ ಕಂಟ್ರೋಲ್ ರೂಮಿನಲ್ಲಿ ಟೆಕ್ನಿಷಿಯನ್. ರಾಟೆಯ ಬುಡದಲ್ಲಿ ಬೆಳೆದು, ಡಿಪ್ಲೊಮಾ ಓದಿ, ಗಾಜಿನ ಆಚೆಯಿಂದ ಈಚೆಗೆ ಬಂದವಳು. ದ್ಯಾವಮ್ಮನ ಕೈಯನ್ನು ನಲವತ್ತು ದಿನ ದಾಖಲು ಮಾಡಿದಾಗ ಗುಂಡಿ ಒತ್ತಿದವಳು ಅವಳೇ.

ಅನಂತಶಯನರು ಅವಳನ್ನು ಕರೆದು ಕೂರಿಸಿದರು. ಅವರು ಜೋರಾಗಿ ಮಾತಾಡುವವರಲ್ಲ. ಇದು ದೆವ್ವವಲ್ಲ, ನಕ್ಷೆಯಲ್ಲಿ ನುಸುಳಿದ ಕಸ ಎಂದರು. ಕೈಯ ಜಾಗದ ಪಕ್ಕದಲ್ಲೇ ಕಣ್ಣುರೆಪ್ಪೆಯ ಜಾಗವೂ ಇದೆ. ಕೈಯನ್ನು ಎತ್ತುವಾಗ ರೆಪ್ಪೆಯ ಪಾಠವೊಂದು ಜೊತೆಗೆ ಬಂದಿದೆ. ಯಾವುದೋ ಸದ್ದಿಗೆ ಅದು ಎಚ್ಚರಾಗುತ್ತಿದೆ, ಹಬೆಯ ಸದ್ದೇ ಇರಬೇಕು, ಹುಡುಕಿ. ಶುಕ್ರವಾರ ಲೇಬರ್ ಇನ್ಸ್‌ಪೆಕ್ಟರ್ ಬರುತ್ತಾರೆ, ಸುಟ್ಟುಕೊಂಡ ಹುಡುಗಿಯ ವಿಚಾರಣೆಗೆ. ಅಷ್ಟರೊಳಗೆ ಗೊತ್ತಾಗಬೇಕು.

ಮುಬೀನಾಳನ್ನು ಗಾಜಿನ ಕೋಣೆಯಲ್ಲಿ ಕೂರಿಸಿ ಸುಗುಣ ಒಂದೊಂದೇ ಸದ್ದು ಹಾಕಿದಳು. ಹಬೆ. ಶಿಫ್ಟಿನ ಸೈರನ್. ಮೇಸ್ತ್ರಿಯ ಬೈಗುಳ. ಬೀಗದಕೈ ಗೊಂಚಲು. ಮೇಸ್ತ್ರಿಯ ಬೈಗುಳಕ್ಕೆ ಮುಬೀನಾ ಆಕಳಿಸಿದಳು. “ಇದಕ್ಕೆಲ್ಲ ಕಣ್ಣು ಮುಚ್ಚಿದರೆ ಸಂಸಾರ ಮಾಡೋದು ಹೇಗೆ ಸುಗುಣಕ್ಕ,” ಎಂದಳು. ಒಂದು ಗಂಟೆ ಕಳೆಯಿತು. ಮುಬೀನಾಳ ಹುಬ್ಬಿಗೆ ಅಂಟಿಸಿದ್ದ ತಂತಿ ಸಡಿಲವಾಗಿ ಜಾರುತ್ತಿತ್ತು. ಸುಗುಣ ಗಾಜಿನ ಈಚೆಯಿಂದ ಅದನ್ನು ನೋಡಿ, ಮೈಕು ಆನ್ ಇದ್ದದ್ದು ಮರೆತು, ಹುಟ್ಟಿನಿಂದ ಬಂದ ಅಭ್ಯಾಸದಂತೆ ‘ಟಕ್’ ಎಂದಳು.

ಮುಬೀನಾಳ ಎಡಗಣ್ಣು ಮುಚ್ಚಿತು. ಎಡಭುಜ ಕಿವಿಗೇರಿತು. ಪರದೆಯ ಮೇಲೆ ಗೆರೆ ಎದ್ದು ನಿಂತಿತು. ಸದ್ದಿಗೂ ರೆಪ್ಪೆಗೂ ನಡುವೆ ಸೆಕೆಂಡಿನ ಹತ್ತರಲ್ಲಿ ನಾಲ್ಕು ಪಾಲು.

ಸುಗುಣ ಇನ್ನೊಮ್ಮೆ ‘ಟಕ್’ ಎಂದಳು. ಮತ್ತೆ ಮುಚ್ಚಿತು.

ಏನಾದರೂ ಸಿಕ್ಕಿತಾ ಎಂದು ಮುಬೀನಾ ಕೇಳಿದಳು. ಏನೂ ಸಿಗಲಿಲ್ಲ, ಹೋಗಿ ಊಟ ಮಾಡು ಎಂದಳು ಸುಗುಣ.

ಎಲ್ಲರೂ ಊಟಕ್ಕೆ ಹೋದ ಮೇಲೆ ದ್ಯಾವಮ್ಮನ ಮೂಲ ದಾಖಲೆ ತೆಗೆದಳು. ಕಿವಿಗೆ ಹಾಕಿಕೊಂಡಳು. ಅವಳಿಗೆ ಆ ದಿನಗಳು ನೆನಪಿದ್ದವು, ಬೆನ್ನಿನ ಕಡೆಯಿಂದ. ದ್ಯಾವಮ್ಮ ಗಾಜಿಗೆ ಬೆನ್ನು ಮಾಡಿ, ಬೇಸಿನ್ನಿಗೆ ಮುಖ ಮಾಡಿ ಕೂರುತ್ತಿದ್ದಳು. ಹಿಂದಲೆಗೆ ಬಟ್ಟಲು. ಎಳೆ ಕಡಿದಾಗ ಸುಗುಣ ಹಳದಿ ಗುಂಡಿ ಒತ್ತಬೇಕು. ಒತ್ತಿದರೆ ದ್ಯಾವಮ್ಮನ ಎಡಗಣ್ಣಿಗೆ ಉಸಿರಿನಷ್ಟು ಗಾಳಿ ಊದುತ್ತದೆ, ಅಷ್ಟೇ, ಎಂದಿದ್ದರು ಅನಂತಶಯನರು. ತಪ್ಪನ್ನು ಮೆದುಳು ಜೋರಾಗಿ ಕೇಳಿಸಿಕೊಂಡರೆ ಆ ಬಳ್ಳಿ ಜೋರಾಗಿ ಚೀರುತ್ತದೆ, ನಕ್ಷೆ ಸ್ಪಷ್ಟವಾಗುತ್ತದೆ. ಗಾಳಿಯ ಬಲ ಹೆಚ್ಚುಕಡಿಮೆ ಮಾಡುವ ತಿರುಪು ಅವರ ಕೈಯಲ್ಲಿತ್ತು. ದ್ಯಾವಮ್ಮನ ಕಡೆಯ ಸದ್ದು ಬರೀ ಗದ್ದಲವೆಂದು ಸುಗುಣಳ ಕಡೆಯ ಸ್ಪೀಕರ್ ಆಫ್ ಮಾಡಿಸಿದ್ದರು. ಸುಗುಣಳ ಮೈಕಿನ ಸದ್ದು ಮಾತ್ರ ದ್ಯಾವಮ್ಮನಿಗೆ ಕೇಳುತ್ತಿತ್ತು.

ದಾಖಲೆಯಲ್ಲಿ ರಾಟೆಯ ಗರಗರ. ನೀರಿನ ಸದ್ದು. ಆಮೇಲೆ ‘ಟಕ್’. ಅವಳದೇ ನಾಲಿಗೆ. ಎಳೆ ಕಡಿದದ್ದು ಕಂಡಾಗಲೆಲ್ಲ, ಗುಂಡಿಗೆ ಬೆರಳು ಹೋಗುವ ಮೊದಲು ನಾಲಿಗೆ ಹೋಗಿತ್ತು. ಬೇರೆ ಯಾವ ಊರಿನ ಟೆಕ್ನಿಷಿಯನ್ ಆಗಿದ್ದರೂ ಬಾಯಿ ಮುಚ್ಚಿಕೊಂಡು ಗುಂಡಿ ಒತ್ತುತ್ತಿದ್ದ. ಟಕ್, ಸೆಕೆಂಡಿನ ಹತ್ತರಲ್ಲಿ ನಾಲ್ಕು ಪಾಲು, ಆಮೇಲೆ ದ್ಯಾವಮ್ಮನ ಬಾಯಿಂದ ಒಂದು ‘ಹ್’. ಮೂರನೇ ವಾರದಿಂದ ಆ ‘ಹ್’ ಬೇರೆಯಾಯಿತು. ಸುಗುಣ ಅಂಕಿಗಳ ಕಾಲಂ ತೆರೆದಳು. ಹದಿನಾರನೇ ದಿನದಿಂದ ಗಾಳಿಯೇ ಇರಲಿಲ್ಲ. ಹುಬ್ಬಿಗೆ ಕರೆಂಟು. ದಿನದಿಂದ ದಿನಕ್ಕೆ ಏರಿದ ಕರೆಂಟು.

ಮೂವತ್ತೊಂದನೇ ದಿನದ ದಾಖಲೆಯಲ್ಲಿ ದ್ಯಾವಮ್ಮ ಮಾತಾಡಿದ್ದಳು. ನಾಲಿಗೆ ಆಗಲೇ ದಪ್ಪಗಾಗಿತ್ತು.

“ಪಿಳ್ಳಿ ಮಗಳಲ್ವಾ ಅಲ್ಲಿರೋದು? ಟಕ್ ಅನ್ನೋದರಲ್ಲೇ ಗೊತ್ತಾಯ್ತು. ಎಚ್ಚರಿಸ್ತೀಯ ಪಾಪ. ಆದ್ರೆ ನಂಗೆ ಆಗ್ತಿಲ್ಲ ಕಣಮ್ಮ, ಸಾಕು ಅಂತ ಹೇಳು ಅವರಿಗೆ.”

ರಾಟೆಯ ಗರಗರ. ನೀರು. ಆಮೇಲೆ, ‘ಟಕ್’.

*

ಅನಂತಶಯನರು ಎಲ್ಲ ಕೇಳಿಸಿಕೊಂಡು ಕನ್ನಡಕ ಒರೆಸಿದರು. ಅವರಿಗೆ ಆಶ್ಚರ್ಯವಾದ ಹಾಗಿರಲಿಲ್ಲ, ಒಂದು ಲೆಕ್ಕ ಬಿಡಿಸಿದ ಸಮಾಧಾನ ಮಾತ್ರ ಇತ್ತು. ಶನಿವಾರ ಎಲ್ಲರ ತಲೆಯನ್ನೂ ಮತ್ತೊಮ್ಮೆ ಬಟ್ಟಲಿಗಿಟ್ಟು ಈ ಪಾಠವನ್ನು ತೊಳೆದುಬಿಡೋಣ, ಮೂಲ ದಾಖಲೆಯೂ ಇನ್ನು ಬೇಕಿಲ್ಲ, ಅಳಿಸಿಬಿಡಿ ಎಂದರು. ಶುಕ್ರವಾರದ ಇನ್ಸ್‌ಪೆಕ್ಟರಿಗೆ, ಮೂಢನಂಬಿಕೆಯಿಂದ ಹಬ್ಬಿದ ಹೆದರಿಕೆ ಎಂದು ಹೇಳಿದರಾಯಿತು.

ದ್ಯಾವಮ್ಮ ಕುಡಿಯುತ್ತಿರಲಿಲ್ಲ ಅಲ್ಲವೇ ಎಂದು ಸುಗುಣ ಕೇಳಿದಳು.

ಅವರು ಕನ್ನಡಕ ಹಾಕಿಕೊಂಡರು. ಬಳ್ಳಿಯನ್ನು ತೀರಾ ಚೀರಿಸಿದರೆ ಕೋಶಗಳೇ ಸಾಯುವುದುಂಟು, ಸತ್ತರೆ ನಡಿಗೆ ತಪ್ಪುತ್ತದೆ, ನಾಲಿಗೆ ತೊದಲುತ್ತದೆ, ನೋಡಿದವರಿಗೆ ಕುಡಿದ ಹಾಗೆ ಕಾಣುತ್ತದೆ ಎಂದು ಪುಸ್ತಕ ಓದುವವರ ದನಿಯಲ್ಲಿ ಹೇಳಿದರು. ತಾನೂ ಬಡವರ ಮನೆಯಿಂದಲೇ ಬಂದವನೆಂದೂ, ಮುನ್ನೂರು ಮನೆಯ ಒಲೆ ಉರಿಯುತ್ತಿರುವುದು ಈ ಯಂತ್ರದಿಂದಲೆಂದೂ ಸೇರಿಸಿದರು.

“ಗುಂಡಿ ಒತ್ತಿದ ಬೆರಳು ಯಾವುದು ಅಂತ ದಾಖಲೆ ಹೇಳುತ್ತೆ ಸುಗುಣ. ನನ್ನದಲ್ಲ ಅದು. ಅಳಿಸಿದರೆ ಬಚಾವಾಗೋದು ನೀವೇ.”

“ನನಗೆ ಗಾಳಿ ಅಂತ ಹೇಳಿದ್ರಿ.”

“ಗಾಳಿಯಷ್ಟೇ ಅಂತ ನಂಬಿದ್ದರೆ ಎಚ್ಚರಿಕೆ ಯಾಕೆ ಕೊಡ್ತಾ ಇದ್ರಿ?”

ಅವಳು ಮನೆಗೆ ಹೋಗುವ ಬಸ್ಸಿನಲ್ಲಿ ಈ ಮಾತನ್ನೇ ಅಗಿದಳು. ಏರುವ ಭುಜವನ್ನು ನಲವತ್ತು ದಿನ ನೋಡಿದ್ದಳು. ನೋಡಿಯೂ ಒತ್ತಿದ್ದಳು. ಕೆಲಸ ಹೊಸದು, ಕುರ್ಚಿ ಹೊಸದು, ಎಸಿ ಹೊಸದು. ಗಾಜಿನ ಈಚೆಗೆ ಬಂದವಳು ಆಚೆಯವಳಿಗೆ ಕೊಡಬಹುದಾದದ್ದು ಒಂದು ‘ಟಕ್’ ಮಾತ್ರ ಎಂದು ತನಗೆ ತಾನೇ ಒಪ್ಪಿಸಿಕೊಂಡಿದ್ದಳು. ಅದೇ ಈಗ ಮುನ್ನೂರು ತಲೆಗಳಲ್ಲಿ ಕೂತಿತ್ತು. ದ್ಯಾವಮ್ಮ ದೆವ್ವವಾಗಿದ್ದರೆ ಬೂದುಗುಂಬಳಕ್ಕೆ ಹೆದರುತ್ತಿದ್ದಳೋ ಏನೋ. ಕಾಡುತ್ತಿದ್ದದ್ದು ದ್ಯಾವಮ್ಮನಲ್ಲ, ತಾನು.

ಪಿಳ್ಳಮ್ಮ ರಾಗಿಹಿಟ್ಟು ಜರಡಿ ಹಿಡಿಯುತ್ತಿದ್ದಳು. ಸುಗುಣ ಎದುರು ಕೂತು ಮೊದಲಿಂದ ಕಡೆಯವರೆಗೆ ಹೇಳಿದಳು. ಪಿಳ್ಳಿ ಮಗಳಲ್ವಾ ಎಂದದ್ದನ್ನೂ ಬಿಡಲಿಲ್ಲ. ಜರಡಿ ನಿಂತಿತು. ಹೊಡೆಯುತ್ತಾಳೆ ಎಂದುಕೊಂಡಳು. ಹೊಡೆದಿದ್ದರೆ ಚೆನ್ನಾಗಿತ್ತು.

“ಒಂದಿನ ಅವಳು ನಮ್ಮ ಬಾಗಿಲಿಗೆ ಬಂದಿದ್ಲು,” ಎಂದಳು ಪಿಳ್ಳಮ್ಮ, ಹಿಟ್ಟನ್ನೇ ನೋಡುತ್ತ. “ಮಡಿಲಲ್ಲಿ ದಂಟಿನ ಸೊಪ್ಪು. ಜಗಲಿ ಹತ್ತೋಕಾಗ್ದೆ ಕಂಬ ಹಿಡ್ಕೊಂಡಳು. ಏನೋ ಹೇಳಬೇಕು ಅಂತಿದ್ದಳು, ನಾಲಿಗೆ ಹೊರಳಲಿಲ್ಲ. ಕುಡ್ಕೊಂಡು ನಮ್ಮನೆಗೆ ಬರಬೇಡ ಕಣೇ, ಮಗಳು ಆಫೀಸಿಗೆ ಹೋಗೋಳು ಅಂದೆ. ಸೊಪ್ಪು ಜಗಲಿ ಮೇಲಿಟ್ಟು ಹೋದಳು.”

ಪಿಳ್ಳಮ್ಮ ಜರಡಿಯನ್ನು ಕೆಳಗಿಟ್ಟಳು.

“ಆ ಸೊಪ್ಪು ಉಪ್ಪುಸಾರು ಮಾಡಿದ್ದೆ. ನೀನೂ ಉಂಡೆ.”

ಆಮೇಲೆ ಪಿಳ್ಳಮ್ಮ ಕೇಳಿದಳು, ಶುಕ್ರವಾರ ಹೇಳುತ್ತೀಯೋ ಇಲ್ಲವೋ. ಹೇಳಿದರೆ ಕೆಲಸ ಹೋಗುತ್ತೆ, ಜೈಲಾದರೂ ಆದೀತು, ಕಾರ್ಖಾನೆ ಮುಚ್ಚಿಸಿದರೆ ನಿನ್ನ ತಲೆಗೆ ಬರೆದ ಕೈಯನ್ನೂ ಅಳಿಸಿಹಾಕುತ್ತಾರಮ್ಮ ಎಂದಳು ಸುಗುಣ. ಪಿಳ್ಳಮ್ಮ ಹಿಟ್ಟು ಮೆತ್ತಿದ ಎರಡೂ ಕೈಯನ್ನು ಮುಖದ ಮುಂದೆ ಹಿಡಿದು ತಿರುಗಿಸಿ ನೋಡಿದಳು. ಕಿರುಬೆರಳು ತಾನಾಗಿ ಎದ್ದಿತ್ತು.

“ಇದು ನಂದಾಗಿದ್ದರೆ ತಾನೇ, ಹೋಗೋಕೆ.”

*

ಶುಕ್ರವಾರ ಹನ್ನೊಂದು ಗಂಟೆಗೆ ಇನ್ಸ್‌ಪೆಕ್ಟರ್ ಬಂದರು. ನಿವೃತ್ತಿ ಹತ್ತಿರವಿದ್ದ, ಮಂಡಿನೋವಿನ ಹೆಂಗಸು. ಮ್ಯಾನೇಜರು ಎಳನೀರು ಕೊಟ್ಟ. ಅನಂತಶಯನರು ಕಂಟ್ರೋಲ್ ರೂಮಿನ ಗಾಜಿನಾಚೆಗಿನ ಶೆಡ್ಡನ್ನು ತೋರಿಸುತ್ತ ಸಾಮೂಹಿಕ ಭ್ರಮೆಯ ಬಗ್ಗೆ ವಿವರಿಸತೊಡಗಿದರು. ಹೆಂಗಸರು, ಓದಿಲ್ಲ, ಒಬ್ಬಳು ಹೆದರಿದರೆ ಎಲ್ಲರೂ ಹೆದರುತ್ತಾರೆ. ಇನ್ಸ್‌ಪೆಕ್ಟರ್ ಬರೆದುಕೊಳ್ಳುತ್ತಿದ್ದರು.

ಆ ದಿನ ತಪಾಸಣೆಗೆಂದು ರಾಟೆಗಳನ್ನು ನಿಲ್ಲಿಸಿ, ಹೆಂಗಸರನ್ನೆಲ್ಲ ಗಾಜಿನ ಕಡೆ ಮುಖ ಮಾಡಿ ನಿಲ್ಲಿಸಿದ್ದರು. ಅಷ್ಟು ದಿನ ಬೆನ್ನುಗಳನ್ನೇ ಕಂಡಿದ್ದ ಸುಗುಣ ಮೊದಲ ಸಲ ಅಲ್ಲಿಂದ ಮುಖಗಳನ್ನು ನೋಡಿದಳು. ನಾಲ್ಕನೇ ಸಾಲಿನಲ್ಲಿ ಅಮ್ಮ. ಅವಳ ಬಲಗಡೆ ಮುಬೀನಾ. ಎಡಗಡೆಯ ಬೇಸಿನ್ನಿನ ಮುಂದೆ ಯಾರೂ ನಿಂತಿರಲಿಲ್ಲ, ಅದು ದ್ಯಾವಮ್ಮನದು.

ಸುಗುಣ ಶೆಡ್ಡಿನ ಮೈಕಿನ ಸ್ವಿಚ್ಚು ಒತ್ತಿದಳು. ನಾಲಿಗೆ ಒಣಗಿತ್ತು. ಅಂಗುಳಿಗೆ ಅಂಟಿಕೊಂಡಿತು. ಕಿತ್ತಳು.

ಟಕ್.

ಮುನ್ನೂರು ಹೆಂಗಸರ ಎಡಗಣ್ಣು ಮುಚ್ಚಿತು. ಮುನ್ನೂರು ಎಡಭುಜಗಳು ಒಟ್ಟಿಗೆ ಏರಿದವು. ಒಂದೇ ‘ಹ್’ ಶೆಡ್ಡಿನ ತಗಡಿನವರೆಗೆ ಎದ್ದು ಇಳಿಯಿತು. ಅದು ಯಾರ ಗಂಟಲಿನದೆಂದು ಸುಗುಣಳಿಗೆ ಗೊತ್ತಿತ್ತು.

ಇನ್ಸ್‌ಪೆಕ್ಟರ್ ಪೆನ್ನು ಕೆಳಗಿಟ್ಟರು. ಅನಂತಶಯನರು ಅವಳ ಕೈಯಿಂದ ಮೈಕು ತೆಗೆದುಕೊಳ್ಳಲು ಬಂದರು. ಅವಳು ಕೊಡಲಿಲ್ಲ. ತಾನು ಯಾರು, ಯಾವ ಗುಂಡಿ ಒತ್ತಿದೆ, ಎಷ್ಟು ದಿನ ಒತ್ತಿದೆ ಎಂದು ಶೆಡ್ಡಿಗೆಲ್ಲ ಕೇಳುವ ಹಾಗೆ ಹೇಳಿದಳು. ಗಾಳಿ ಎಂದು ಹೇಳಿದ್ದರು, ನಾನು ನಂಬಿದ ಹಾಗೆ ಮಾಡಿದೆ ಎಂದಳು. ದ್ಯಾವಮ್ಮ ಒಂದು ತೊಟ್ಟೂ ಕುಡಿದವಳಲ್ಲ ಎಂದಳು. ಮೂವತ್ತೊಂದನೇ ದಿನದ ದಾಖಲೆ ಹಾಕಿದಳು. ಕಡೆಯ ‘ಟಕ್’ಗೆ ಎಲ್ಲರ ಕಣ್ಣು ಇನ್ನೊಮ್ಮೆ ಮುಚ್ಚಿತು. ಈ ಸಲ ಕೆಲವರದು ಬೇಗ ತೆರೆಯಲಿಲ್ಲ.

ಇನ್ಸ್‌ಪೆಕ್ಟರ್ ಶೆಡ್ಡಿಗೆ ಇಳಿದು ಬಂದರು. ಅವರ ಕಷ್ಟ ಕಾನೂನಿನದು. ಇಲ್ಲಿಗೆ ಬಂದದ್ದು ಸುಟ್ಟ ಮೊಣಕೈಯ ವಿಚಾರಣೆಗೆ. ಸತ್ತವಳ ಫೈಲು ಮುಚ್ಚಿಹೋಗಿದೆ. ಅದನ್ನು ತೆರೆಸಬೇಕಾದರೆ ಅವಳ ಕಡೆಯವರು ಯಾರಾದರೂ ಅರ್ಜಿ ಕೊಡಬೇಕು.

“ಆಯಮ್ಮನಿಗೆ ವಾರಸುದಾರರು ಯಾರಿದೀರಿ?”

ಅನಂತಶಯನರು ಮೇಲೆ ಗಾಜಿನ ಹಿಂದೆ ಕನ್ನಡಕ ಒರೆಸುತ್ತಿದ್ದರು. ಆಗ ಮುಬೀನಾ ಪಟ್ಟಿ ಸುತ್ತಿದ ತೋಳನ್ನು ಮುಂದೆ ಚಾಚಿದಳು.

“ಅವಳ ಕೈ ನಮ್ಮ ಹತ್ರ ಇದೆ ಮೇಡಂ. ಬೇರೆ ವಾರಸುದಾರರು ಯಾಕೆ?”

ಪಿಳ್ಳಮ್ಮ ತನ್ನ ಬೇಸಿನ್ನಿನಿಂದ ಎರಡು ಹೆಜ್ಜೆ ಎಡಕ್ಕೆ ಸರಿದು, ಒಂದು ವರ್ಷದಿಂದ ಖಾಲಿಯಿದ್ದ ಬೇಸಿನ್ನಿನ ಮುಂದೆ ನಿಂತಳು. ಅರ್ಜಿಯ ಮೇಲೆ ಮೊದಲ ಸಹಿ ಅವಳದು.

*

ಶನಿವಾರ ಯಾರೂ ತೊಟ್ಟಿಲಿಗೆ ತಲೆ ಕೊಡಲಿಲ್ಲ. ತೊಳೆಸಿಕೊಂಡರೆ ಸಾಕ್ಷಿಯೂ ತೊಳೆದುಹೋಗುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು. ಡಾಕ್ಟರುಗಳ ಮಂಡಳಿ ಬಂದು ಪರೀಕ್ಷೆ ಮಾಡಿ ಹೋಗುವವರೆಗೆ ಆ ಕಣ್ಣನ್ನು ಕಾಪಾಡಿಕೊಳ್ಳಬೇಕಿತ್ತು. ‘ಟಕ್’ ಎನ್ನುವುದನ್ನು ಎಷ್ಟು ಸಲ ಕೇಳಿದರೂ ಏಟು ಬೀಳದಿದ್ದರೆ ರೆಪ್ಪೆ ನಿಧಾನವಾಗಿ ಹೆದರುವುದನ್ನು ಬಿಡುತ್ತದೆ. ಕಂಪನಿಗೂ ಅದು ಗೊತ್ತಿತ್ತು. ಕೆಲಸಕ್ಕೆ ಹುರುಪು ಬರಲೆಂದು ಸ್ಪೀಕರಿನಲ್ಲಿ ದಿನವಿಡೀ ಟಕ್ ಟಕ್ ತಾಳದ ಸಂಗೀತ ಹಾಕಿಸಿದರು. ಹೆಂಗಸರು ಕಿವಿಗೆ ಹತ್ತಿ ತುರುಕಿಕೊಂಡು ರೇಷ್ಮೆ ಬಿಚ್ಚಿದರು. ಮನೆಗಳಲ್ಲೂ ಕಟ್ಟಪ್ಪಣೆಯಾಯಿತು. ಹಾಲು ಉಕ್ಕಿದರೆ ಉಕ್ಕಲಿ. ಐದು ತಿಂಗಳು ಶಿಡ್ಲಘಟ್ಟದ ಆ ಕೇರಿಗಳಲ್ಲಿ ಯಾರೂ ಯಾರನ್ನೂ ನಾಲಿಗೆಯಿಂದ ಎಚ್ಚರಿಸಲಿಲ್ಲ. ಶೆಡ್ಡಿನಲ್ಲಿ ಎಳೆ ಕಡಿದರೆ ಪಕ್ಕದವಳು ನಾಲಿಗೆ ಕಚ್ಚಿಕೊಂಡು ಮೊಣಕೈಯಿಂದ ಮೆಲ್ಲಗೆ ತಿವಿಯುತ್ತಿದ್ದಳು.

ಸುಗುಣಳ ಕೆಲಸ ಶನಿವಾರವೇ ಹೋಗಿತ್ತು. ಮೊದಲನೇ ಆರೋಪಿ ಅನಂತಶಯನರು, ಎರಡನೆಯವಳು ಅವಳು. ಜಾಮೀನಿನ ಮೇಲೆ ಮನೆಯಲ್ಲಿದ್ದಳು. ಪಿಳ್ಳಮ್ಮ ಅವಳಿಗೆ ಹೊತ್ತುಹೊತ್ತಿಗೆ ಮುದ್ದೆ ಹಾಕುತ್ತಿದ್ದಳು, ಮಾತು ಹಾಕುತ್ತಿರಲಿಲ್ಲ.

ಮಂಡಳಿ ಬಂತು, ತಂತಿ ಅಂಟಿಸಿತು, ಗೆರೆಗಳನ್ನು ಎಣಿಸಿತು. ಜೂನ್ ತಿಂಗಳಲ್ಲಿ ಆದೇಶದ ಪ್ರತಿ ಕೈಗೆ ಬಂತು. ಮುಬೀನಾ ಅದನ್ನು ಪಿಳ್ಳಮ್ಮನ ಜಗಲಿಯ ಮೇಲೆ ನಿಂತು ಓದಿದಳು. ದ್ಯಾವಮ್ಮನ ಫೈಲಿನಲ್ಲಿ ‘ಮದ್ಯಪಾನ’ ಎಂಬ ಪದವನ್ನು ಹೊಡೆದುಹಾಕಿ, ‘ಕೆಲಸದ ವೇಳೆ ಮಾಲೀಕರಿಂದಾದ ಹಾನಿ’ ಎಂದು ಬರೆಯತಕ್ಕದ್ದು. ಅಷ್ಟು ಬರೆಸುವುದಕ್ಕೆ ಮುನ್ನೂರು ಕಣ್ಣು ಬೇಕಾಯಿತು. ಶಿಕ್ಷೆಯ ಕೇಸು ಇನ್ನೂ ನಡೆಯುತ್ತಿದೆ.

ಮಾರನೇ ದಿನ ಬೆಳಗ್ಗೆ ಪಿಳ್ಳಮ್ಮ ತಲೆಗೆ ಎಣ್ಣೆ ಹಚ್ಚಿಕೊಂಡು, ಮಣೆ ಹಾಕಿ, ಮಗಳ ಎದುರು ಕೂತಳು.

“ಹೊಡಿ ನಾಲಿಗೆ.”

ಸುಗುಣ ‘ಟಕ್’ ಎಂದಳು. ಕಣ್ಣು ಮುಚ್ಚಿತು. ಇನ್ನೊಂದು ಎಂದಳು ಪಿಳ್ಳಮ್ಮ. ಮುಚ್ಚಿತು. ಅವಳು ಹಲ್ಲು ಕಚ್ಚಿಕೊಂಡು, ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು. ಅರುವತ್ತರ ಹೊತ್ತಿಗೆ ಮುಚ್ಚುವುದು ಅರ್ಧವಾಯಿತು. ತೊಂಬತ್ತಕ್ಕೆ ಬರಿಯ ಅದುರು. ಮಾರನೇ ಬೆಳಗ್ಗೆ ಎದ್ದರೆ ಅದು ಮತ್ತೆ ಬಂದು ಕೂತಿತ್ತು. ಕಿರುಮೆದುಳು ಮರೆಯುವುದು ಹಾಗೇ. ಕಲಿತದ್ದನ್ನು ಅಳಿಸುವುದಿಲ್ಲ, ಅದರ ಮೇಲೆ ಇನ್ನೊಂದು ಪಾಠ ಬರೆಯುತ್ತದೆ. ಕೆಳಗಿನದು ಕೆಳಗೇ ಇರುತ್ತದೆ. ಮತ್ತೆ ಮಣೆ ಹಾಕಿ ಕೂತರು. ಬೀದಿಯಲ್ಲಿ ಬೇರೆ ಮನೆಗಳಿಂದಲೂ ಟಕ್ ಟಕ್ ಕೇಳುತ್ತಿತ್ತು. ಗಂಡಂದಿರು, ಮಕ್ಕಳು, ಅತ್ತೆಯರು ಎದುರು ಕೂತು ನಾಲಿಗೆ ಹೊಡೆಯುತ್ತಿದ್ದರು.

ಹನ್ನೊಂದನೇ ದಿನ ಮೊದಲ ‘ಟಕ್’ಗೇ ಪಿಳ್ಳಮ್ಮನ ಎಡಗಣ್ಣು ತೆರೆದೇ ಇತ್ತು. ಎರಡನೆಯದಕ್ಕೂ. ಮೂರನೆಯದಕ್ಕೂ. ಎಷ್ಟೋ ತಿಂಗಳ ಮೇಲೆ ಎರಡೂ ಕಣ್ಣು ತೆರೆದು ಮಗಳನ್ನು ನೆಟ್ಟಗೆ ನೋಡಿದಳು.

“ಒಂದು ಕೇಳ್ತೀನಿ. ಅವತ್ತು ದ್ಯಾವಮ್ಮ ತಿರುಗಿ ನಿನ್ನ ಮುಖ ನೋಡಿದ್ದರೆ, ನಿಲ್ಲಿಸ್ತಿದ್ಯಾ?”

ಸುಗುಣ ಬಾಯಿ ತೆರೆದಳು. ನಿಲ್ಲಿಸುತ್ತಿದ್ದೆ ಎನ್ನಬೇಕೆಂದಿದ್ದಳು. ಅಮ್ಮನ ಕಣ್ಣು ಅವಳ ಮೇಲಿತ್ತು, ಎರಡೂ. ಅವಳ ಎಡಭುಜ, ಅವಳದೇ, ಯಾವ ಬಟ್ಟಲಿನಲ್ಲೂ ತಲೆಯಿಡದವಳದು, ಮೆಲ್ಲಗೆ ಕಿವಿಯ ಕಡೆಗೆ ಏರಿತು.

ಪಿಳ್ಳಮ್ಮ ಅದನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಸೆರಗನ್ನು ಮಡಿಲಿಗೆಳೆದುಕೊಂಡು, ಮಣೆಯನ್ನು ಇನ್ನೊಂದಿಷ್ಟು ಹತ್ತಿರ ಸರಿಸಿದಳು.

“ಹೂಂ. ಇವತ್ತಿಂದ ನಾಲಿಗೆ ನಾನು ಹೊಡೀತೀನಿ,” ಎಂದಳು. “ನೀನು ಕಣ್ಣು ಬಿಟ್ಟುಕೊಂಡು ಕೂತ್ಕೋ.”